ಲೊಟ್ಟೆಯ ಕತ್ತರಿ

ಕತ್ತರಿಯ ವಿಷಯದಲ್ಲಿ ನಮ್ಮ ಜನಕ್ಕೆ ಅಷ್ಟೇನೂ ಒಳ್ಳೆಯ ಅಭಿಪ್ರಾಯ ಇದ್ದಂತೆ ತೋರುವುದಿಲ್ಲ. ಜಾತ್ರೆಯಲ್ಲಿ ಜೇಬು ಕತ್ತರಿಸುವವನಿಗೆ ಅದು ಆಯುಧ. ಸಂಪಾದಕರು ಲೇಖನವನ್ನು ಮೊಟಕು ಮಾಡಿದರೆ, ಸೆನ್ಸಾರಿನವರು ಚಿತ್ರದಿಂದ ಒಂದು ದೃಶ್ಯ ತೆಗೆದರೆ, ಸರ್ಕಾರ ಅನುದಾನ ಇಳಿಸಿದರೆ, ಮೂರಕ್ಕೂ ನಮ್ಮ ಪತ್ರಿಕೆಗಳಲ್ಲಿ ಒಂದೇ ಹೆಸರು: 'ಕತ್ತರಿ ಪ್ರಯೋಗ'. ಇಕ್ಕಟ್ಟಿಗೆ ಸಿಕ್ಕವನು ಅಡಕತ್ತರಿಯ ಬಾಯಿಗೆ ಸಿಕ್ಕ ಅಡಕೆ. ಬರಿಗತ್ತರಿ ಆಡಿಸಬೇಡ, ಮನೆಯಲ್ಲಿ ಜಗಳವಾಗುತ್ತದೆ ಎಂದು ಗದರಿಸದ ಅಜ್ಜಿ ಯಾರ ಮನೆಯಲ್ಲಿದ್ದಳು? ಕೈಯಿಂದ ಕೈಗೆ ಕತ್ತರಿ ಕೊಡಬಾರದು. ನೆಲದ ಮೇಲಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಸೂಜಿ ಕೂಡಿಸುತ್ತದೆ, ಕತ್ತರಿ ಅಗಲಿಸುತ್ತದೆ ಎಂದು ಹರಿಕಥೆಯ ದಾಸರು ಕೂಡ ಸೂಜಿಯ ಪಕ್ಷವನ್ನೇ ಹಿಡಿಯುತ್ತಾರೆ.

ಸೂಜಿಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ಕತ್ತರಿಯ ಪರವಾಗಿಯೂ ಯಾರಾದರೂ ಒಂದು ಮಾತು ಆಡಬೇಕಲ್ಲ! ಆ ವಕಾಲತ್ತು ವಹಿಸಲು ನನಗೆ ಧೈರ್ಯ ಬಂದದ್ದು ಜರ್ಮನಿಯ ಒಬ್ಬ ಹೆಂಗಸಿನ ಕೆಲಸವನ್ನು ನೋಡಿದ ಮೇಲೆ. ಆಕೆ ಕಾಗದ ಕತ್ತರಿಸಿ ಚಲನಚಿತ್ರ ಮಾಡಿದಳು. ಒಂದೆರಡಲ್ಲ, ಅರುವತ್ತು ವರ್ಷ ಅದನ್ನೇ ಮಾಡಿದಳು.

ಆಕೆಯ ಹೆಸರು ಲೊಟ್ಟೆ ರೈನಿಗರ್. ಹೆಸರು ಕೇಳಿ ಪುತ್ತೂರಿನ ಕಡೆಯ ನನ್ನ ಗೆಳೆಯರೊಬ್ಬರು ಗಟ್ಟಿಯಾಗಿ ನಕ್ಕರು. ಅವರ ಮನೆಮಾತಿನಲ್ಲಿ ಲೊಟ್ಟೆ ಎಂದರೆ ಸುಳ್ಳು. ಹಳಬರ ಕನ್ನಡದಲ್ಲಿಯೂ ಅದಕ್ಕೆ ಹುಸಿ, ಟೊಳ್ಳು ಎಂಬ ಅರ್ಥವುಂಟು. ಜರ್ಮನರಲ್ಲಿ ಮಾತ್ರ ಅದು ಷಾರ್ಲೊಟ್ಟೆ ಎಂಬುದರ ಮುದ್ದಿನ ರೂಪ. ನಾವು ಲಕ್ಷ್ಮೀದೇವಮ್ಮನನ್ನು ಲಚ್ಚಿ ಎನ್ನುವಂತೆ. ಆದರೂ ನನಗೆ ಗೆಳೆಯರ ಅರ್ಥವೇ ಹಿಡಿಸಿತು. ಅಲ್ಲಾಡದ ಕಾಗದವನ್ನು ಅಲ್ಲಾಡುತ್ತಿದೆ ಎಂದು ನಂಬಿಸುವುದು ಸುಳ್ಳಲ್ಲದೆ ಮತ್ತೇನು? ಆ ಸುಳ್ಳನ್ನು ಆಕೆ ಎಷ್ಟು ನಿಯತ್ತಿನಿಂದ ಹೇಳಿದಳೆಂಬುದೇ ಸ್ವಾರಸ್ಯ.

ಲೊಟ್ಟೆ ಹುಟ್ಟಿದ್ದು ೧೮೯೯ರ ಜೂನ್ ೨ರಂದು, ಬರ್ಲಿನ್ನಿನಲ್ಲಿ. ಕತ್ತರಿ ಹಿಡಿಯುವಷ್ಟು ಬೆರಳು ಬಲಿಯುತ್ತಲೇ ಕಪ್ಪು ಕಾಗದದಲ್ಲಿ ನೆರಳಿನ ಆಕೃತಿಗಳನ್ನು ಕತ್ತರಿಸತೊಡಗಿದಳಂತೆ. ಮೊದಲು ಗೆರೆ ಬರೆದುಕೊಂಡು ಅನಂತರ ಕತ್ತರಿಸುವ ಪದ್ಧತಿಯಲ್ಲ, ಕತ್ತರಿಯೇ ಸೀಸದಕಡ್ಡಿ. ಮನೆಯಲ್ಲೇ ಒಂದು ಪುಟ್ಟ ನೆರಳಿನ ರಂಗಮಂದಿರ ಮಾಡಿಕೊಂಡು ತಂದೆತಾಯಿಗಳಿಗೂ ನಂಟರಿಗೂ ಷೇಕ್ಸ್‌ಪಿಯರನ ನಾಟಕ ಆಡಿಸುತ್ತಿದ್ದಳು. ೧೯೧೫ರಲ್ಲಿ ಪೌಲ್ ವೇಗನರ್ ಎಂಬ ಹೆಸರಾದ ನಟ, ಚಲನಚಿತ್ರದಲ್ಲಿ ಸಾಧ್ಯವಿರುವ ಚಮತ್ಕಾರಗಳನ್ನು ಕುರಿತು ಭಾಷಣ ಮಾಡಿದ. ಆ ಭಾಷಣ ಹುಡುಗಿಯ ತಲೆಗೆ ಹತ್ತಿತು. ಮನೆಯವರನ್ನು ಕಾಡಿ ಬೇಡಿ ಮಾಕ್ಸ್ ರೈನ್‌ಹಾರ್ಟನ ನಾಟಕಶಾಲೆಗೆ ಸೇರಿದಳು. ಸೇರಿದ್ದೇನೋ ನಟಿಯಾಗಲೆಂದು, ಆದರೆ ರಂಗದ ಪಕ್ಕದಲ್ಲಿ ನಿಂತು ದೊಡ್ಡ ನಟರು ಅಭಿನಯಿಸುತ್ತಿರುವಾಗಲೇ ಅವರ ನೆರಳುಚಿತ್ರ ಕತ್ತರಿಸಿ ಕೊಡುತ್ತಿದ್ದಳು. ತಮ್ಮ ಮೂಗು ಚೆನ್ನಾಗಿ ಬಂದಿದೆ ಎಂದರೆ ಯಾವ ನಟನಿಗೆ ತಾನೆ ಸಂತೋಷವಾಗುವುದಿಲ್ಲ? ವೇಗನರನ ಕಣ್ಣಿಗೂ ಬಿದ್ದಳು.

ಆತ ೧೯೧೮ರಲ್ಲಿ ಹ್ಯಾಮೆಲಿನ್ನಿನ ಕಿನ್ನರಿ ಜೋಗಿಯ ಕಥೆಯನ್ನು ಚಿತ್ರ ಮಾಡಿದ. ನಮ್ಮ ಮಕ್ಕಳೆಲ್ಲ ಪಾಠದಲ್ಲಿ ಓದಿ ಬೆಳೆದ ಇಲಿಗಳ ಕಥೆಯೇ. ಕಥೆಯಲ್ಲಿ ಇಲಿಗಳು ಸಾಲುಗಟ್ಟಿ ಹೋಗುತ್ತವೆ. ನಿಜವಾದ ಇಲಿಗಳು ನಿರ್ದೇಶಕನ ಮಾತನ್ನು ಎಲ್ಲಿ ಕೇಳುತ್ತವೆ? ಕೊನೆಗೆ ಮರದ ಇಲಿಗಳನ್ನು ಮಾಡಿಸಿ, ಒಂದೊಂದನ್ನೂ ಕೂದಲೆಳೆಯಷ್ಟು ಸರಿಸಿ, ಒಂದೊಂದು ಚಿತ್ರ ತೆಗೆದು, ನಡೆಯುವಂತೆ ತೋರಿಸಬೇಕಾಯಿತು. ಆ ಕೆಲಸದಲ್ಲಿ ಲೊಟ್ಟೆಯ ಕೈಯೂ ಸೇರಿತ್ತು. ಚಿತ್ರದ ಶೀರ್ಷಿಕೆಗಳಿಗೆ ನೆರಳಿನ ಚಿತ್ತಾರ ಬಿಡಿಸಿದವಳೂ ಆಕೆಯೇ. ಮರುವರ್ಷ, ಹಾನ್ಸ್ ಕ್ಯೂರ್ಲಿಸ್ ಎಂಬಾತ ನಡೆಸುತ್ತಿದ್ದ ಸಂಸ್ಕೃತಿ ಸಂಶೋಧನ ಸಂಸ್ಥೆಯಲ್ಲಿ ಆಕೆ ತನ್ನ ಮೊದಲ ಸ್ವಂತ ಚಿತ್ರವನ್ನು ತೆಗೆದಳು. ಕೆಲವೇ ನಿಮಿಷದ್ದು, ಇಬ್ಬರು ಪ್ರೇಮಿಗಳು, ಅವರ ಮನಸ್ಸಿನಂತೆ ಬದಲಾಗುವ ಒಂದು ಅಲಂಕಾರ, ಅಷ್ಟೆ. ಅದೇ ಸಂಸ್ಥೆಯಲ್ಲಿ ಕಾರ್ಲ್ ಕೋಖ್ ಎಂಬ ತರುಣನ ಪರಿಚಯವಾಯಿತು, ೧೯೨೧ರಲ್ಲಿ ಮದುವೆಯಾಯಿತು. ಮುಂದೆ ಆತ ಸಾಯುವವರೆಗೂ ಬಹುಮಟ್ಟಿಗೆ ಆಕೆಯ ಕ್ಯಾಮರಾ ಆತನದು, ಕತ್ತರಿ ಆಕೆಯದು.

ಇಷ್ಟಕ್ಕೂ ಈ ಕೆಲಸ ನಡೆಯುವುದು ಹೇಗೆ? ಒಂದು ಮೇಜು, ಅದರ ಮೇಲ್ಭಾಗ ಗಾಜಿನದು. ಗಾಜಿನ ಮೇಲೆ ತೆಳುವಾದ ಕಾಗದ ಹಾಸಿ ಕೆಳಗಿನಿಂದ ದೀಪ ಬಿಡುತ್ತಾರೆ. ಮೇಲೆ ಕ್ಯಾಮರಾ ಕೆಳಮುಖವಾಗಿ ನೇತಾಡುತ್ತದೆ. ನಡುವೆ ಗೊಂಬೆ ಅಂಗಾತ ಮಲಗಿರುತ್ತದೆ. ಗೊಂಬೆಯೆಂದರೆ ಕಪ್ಪು ರಟ್ಟು, ಮತ್ತು ತಗಡಿನಂತೆ ತಟ್ಟಿದ ತೆಳುವಾದ ಸೀಸ. ಸೀಸವಿದ್ದರೆ ಗೊಂಬೆ ಮಿಸುಕದೆ ಚಪ್ಪಟೆಯಾಗಿ ಬಿದ್ದಿರುತ್ತದೆ. ತಲೆ, ಕುತ್ತಿಗೆ, ತೋಳು, ಮುಂಗೈ, ಅಂಗೈ, ತೊಡೆ, ಕಾಲು ಎಲ್ಲವೂ ಬೇರೆ ಬೇರೆ ತುಂಡು. ಸಣ್ಣ ತಂತಿಯಿಂದ ಕೀಲು ಹಾಕಿ ಕೂಡಿಸಿರುತ್ತದೆ. ಕೈಯನ್ನು ಒಂದಿಷ್ಟು ಸರಿಸು, ಒಂದು ಚಿತ್ರ ತೆಗೆ. ಮತ್ತೆ ಒಂದಿಷ್ಟು ಸರಿಸು, ಮತ್ತೊಂದು ಚಿತ್ರ. ಇವತ್ತಿನ ಲೆಕ್ಕದಲ್ಲಿ ತೆರೆಯ ಮೇಲೆ ಒಂದು ಸೆಕೆಂಡಿಗೆ ೨೪ ಚಿತ್ರ. ಒಂದು ನಿಮಿಷಕ್ಕೆ ೧,೪೪೦. ನಾವು ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಮುಗಿದುಹೋಗುವ ಒಂದು ನಮಸ್ಕಾರಕ್ಕೆ ಆಕೆಯ ಅರ್ಧ ದಿನ ಹೋಗುತ್ತಿತ್ತು.

ಇಂಥ ಕೆಲಸದಲ್ಲಿ ಮೂರು ನಿಮಿಷದ ಚಿತ್ರ ಮಾಡಿದವರಿದ್ದರು, ಹತ್ತು ನಿಮಿಷದ ಚಿತ್ರ ಮಾಡಿದವರಿದ್ದರು. ಒಂದು ಗಂಟೆಗೂ ಮೀರಿದ ಚಿತ್ರವನ್ನು ಈ ರೀತಿ ಮಾಡೋಣ ಎಂದು ಲೊಟ್ಟೆಗೆ ತಾನಾಗಿ ತೋಚಲಿಲ್ಲ. ಆ ಯೋಚನೆ ತಂದವನು ಲೂಯಿ ಹಾಗನ್ ಎಂಬ ಬ್ಯಾಂಕಿನ ಸಾಹುಕಾರ. ೧೯೨೩ರ ಜರ್ಮನಿಯ ಹಣದುಬ್ಬರದ ಕಥೆ ಎಲ್ಲರಿಗೂ ಗೊತ್ತು. ಒಂದು ರೊಟ್ಟಿಗೆ ಚೀಲದ ತುಂಬ ನೋಟು ಕೊಡಬೇಕಾದ ಕಾಲ. ಬೆಳಗಿನ ಬೆಲೆ ಸಂಜೆಗಿಲ್ಲ. ಜಾಣರು ಕಾಗದದ ಹಣವನ್ನು ಬಿಟ್ಟು ಸಾಮಾನು ಕೊಂಡು ಕೂಡಿಡುತ್ತಿದ್ದರು. ಈ ಸಾಹುಕಾರ ಕೊಂಡಿಟ್ಟದ್ದು ಚಿತ್ರ ತೆಗೆಯುವ ಕಚ್ಚಾ ಫಿಲ್ಮಿನ ಸುರುಳಿಗಳನ್ನು! ಅವುಗಳನ್ನು ಏನು ಮಾಡುವುದೆಂದು ತಿಳಿಯದೆ ಲೊಟ್ಟೆಯನ್ನು ಕರೆದು, ದೊಡ್ಡ ಚಿತ್ರ ಮಾಡುತ್ತೀಯಾ ಎಂದು ಕೇಳಿದ. ಪಾಟ್ಸ್‌ಡಾಮಿನಲ್ಲಿದ್ದ ತನ್ನ ಮನೆಯ ಬದಿಯ ಕಾರ್‌ಷೆಡ್ಡಿನ ಮೇಲಿನ ಅಟ್ಟವನ್ನೂ ಬಿಟ್ಟುಕೊಟ್ಟ.

ಆ ಅಟ್ಟದಲ್ಲಿ ೧೯೨೩ರಿಂದ ೧೯೨೬ರವರೆಗೆ ಮೂರು ವರ್ಷ ಕೆಲಸ ನಡೆಯಿತು. ಮಾಡು ತಗ್ಗು, ಕ್ಯಾಮರಾವನ್ನು ಮೇಲಕ್ಕೆ ಕಟ್ಟಬೇಕಾದರೆ ಮೇಜನ್ನು ನೆಲದ ಮಟ್ಟಕ್ಕೆ ಇಳಿಸಬೇಕು. ಆದ್ದರಿಂದ ಲೊಟ್ಟೆ ಮಂಡಿಯೂರಿ ಕುಳಿತು ಗೊಂಬೆ ಸರಿಸುತ್ತಿದ್ದಳು. ವಾಲ್ಟರ್ ರುಟ್‌ಮನ್, ಬೆರ್ಟೋಲ್ಡ್ ಬಾರ್ಟೋಷ್ ಎಂಬ ಇಬ್ಬರು ಕಲಾವಿದರು ಜೊತೆಗೂಡಿದರು. ಮಂತ್ರ ತಂತ್ರಗಳ ಹೊಗೆ ಬೆಂಕಿಗೆ ರುಟ್‌ಮನ್; ಕಡಲಿನ ಅಲೆಗೆ, ನಕ್ಷತ್ರ ತುಂಬಿದ ಆಕಾಶಕ್ಕೆ ಬಾರ್ಟೋಷ್. ಮರಳು, ಮೇಣ, ಸಾಬೂನು ಯಾವುದನ್ನೂ ಅವರು ಬಿಡಲಿಲ್ಲ. ಗಾಜಿನ ಹಲಗೆಗಳನ್ನು ಒಂದರ ಮೇಲೊಂದು ಎತ್ತರದಲ್ಲಿ ಜೋಡಿಸಿ, ಹತ್ತಿರದ್ದು ಬೇರೆ ದೂರದ್ದು ಬೇರೆ ಎಂಬ ಆಳವನ್ನು ತೋರಿಸಿದರು. ಡಿಸ್ನಿಯ ಸಂಸ್ಥೆ ಇದೇ ತತ್ವದ ಮೇಲೆ ದೊಡ್ಡ ಯಂತ್ರ ನಿರ್ಮಿಸಿ ಚಿತ್ರವೊಂದರಲ್ಲಿ ಬಳಸಿದ್ದು ೧೯೩೭ರಲ್ಲಿ.

'ರಾಜಕುಮಾರ ಅಹಮದನ ಸಾಹಸಗಳು' ಎಂಬ ಆ ಚಿತ್ರ ಅರೇಬಿಯನ್ ನೈಟ್ಸ್‌ನ ಕಥೆಗಳಿಂದ ಹೆಣೆದದ್ದು. ಹಾರುವ ಕುದುರೆಯುಂಟು, ಅಲ್ಲಾದೀನನ ದೀಪವುಂಟು, ಗರಿಯ ಉಡುಪು ಕಳಚಿಟ್ಟು ಸರೋವರದಲ್ಲಿ ಮೀಯುವ ಪರಿಯುಂಟು. ಮಾಟಗಾರನಿಗೂ ಬೆಂಕಿಬೆಟ್ಟದ ಮಾಟಗಾತಿಗೂ ನಡೆಯುವ ಕಾಳಗದಲ್ಲಿ ಒಬ್ಬ ಸಿಂಹವಾದರೆ ಇನ್ನೊಬ್ಬಳು ಮತ್ತೊಂದು, ಚೇಳಾದರೆ ಕೋಳಿ, ಕೊನೆಗೆ ಬೆಂಕಿಗೆ ಬೆಂಕಿ. ನಮ್ಮ ಅಜ್ಜಿಯರ ಕಥೆಗಳಲ್ಲಿ ಗಿಳಿಯಾಗಿ ಗಿಡುಗವಾಗಿ ಅಟ್ಟಿಸಿಕೊಂಡು ಹೋಗುವುದಿಲ್ಲವೆ, ಹಾಗೆಯೇ. ಇವತ್ತಿನ ಕಣ್ಣಿಗೆ ಇರಿಸುಮುರಿಸು ಮಾಡುವ ಅಂಶಗಳೂ ಅದರಲ್ಲಿವೆ ಎಂದು ಹೇಳಿಬಿಡಬೇಕು. ಆಫ್ರಿಕದವನೆಂದರೆ ಕೇಡಿಗ, ಪೂರ್ವದೇಶವೆಂದರೆ ಮಾಯಾಬಜಾರು ಎಂದು ಆ ಕಾಲದ ಐರೋಪ್ಯರು ಎಣಿಸಿದ್ದು ಆಕೆಯ ಕತ್ತರಿಗೂ ಅಂಟಿಕೊಂಡಿದೆ.

ಚಿತ್ರವೇನೋ ಮುಗಿಯಿತು. ಇಂಥದನ್ನು ಯಾರು ನೋಡುತ್ತಾರೆ ಎಂದು ಚಿತ್ರಮಂದಿರದವರು ಮೂಗು ಮುರಿದರು. ೧೯೨೬ರ ಮೇ ೨ರಂದು ಬರ್ಲಿನ್ನಿನ ಫೋಲ್ಕ್ಸ್‌ಬ್ಯೂನೆ ಎಂಬ ನಾಟಕಮಂದಿರದಲ್ಲಿ ಭಾನುವಾರದ ಹಗಲಾಟವಾಗಿ ತಾವೇ ತೋರಿಸಿದರು. ಜನ ಕಿಕ್ಕಿರಿದರು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ತೋರಿಸಿದಾಗ ಝಾನ್ ರೆನ್ವಾರ್ ಅದನ್ನು ಮೆಚ್ಚಿಕೊಂಡು ದಂಪತಿಗಳಿಗೆ ಬಾಳಿನುದ್ದಕ್ಕೂ ಸ್ನೇಹಿತನಾದ. ಮುಂದೆ 'ದಿ ರಿವರ್' ಚಿತ್ರ ತೆಗೆಯಲು ಕಲ್ಕತ್ತೆಗೆ ಬಂದಿದ್ದ ರೆನ್ವಾರ್ ಈತನೇ. ಪೂರ್ಣಪ್ರಮಾಣದ ಆನಿಮೇಷನ್ ಚಿತ್ರಗಳಲ್ಲಿ ಮೊದಲನೆಯದೆಂದು ಹಲವರು ಹೇಳುವ ಡಿಸ್ನಿಯ 'ಸ್ನೋವೈಟ್' ಬಂದದ್ದು ಇದಕ್ಕೆ ಹನ್ನೊಂದು ವರ್ಷ ತಡವಾಗಿ, ೧೯೩೭ರಲ್ಲಿ. ಹಾಗೆಂದು ಅಹಮದನನ್ನೂ ಮೊದಲಿಗನೆನ್ನುವಂತಿಲ್ಲ. ಅರ್ಜೆಂಟೀನದ ಕ್ವಿರೀನೊ ಕ್ರಿಸ್ಟಿಯಾನಿ ೧೯೧೭ರಲ್ಲೇ ರಟ್ಟಿನ ಆಕೃತಿಗಳನ್ನು ಕತ್ತರಿಸಿ ಒಂದು ದೊಡ್ಡ ಚಿತ್ರ ಮಾಡಿದ್ದ; ಅದರ ಒಂದು ಪ್ರತಿಯೂ ಉಳಿದಿಲ್ಲ. ಉಳಿದವುಗಳಲ್ಲಿ ಹಳೆಯದು ಅಹಮದನದು. ಕಲೆಯ ಚರಿತ್ರೆಯಲ್ಲಿ ಮೊದಲು ಹುಟ್ಟುವುದಕ್ಕಿಂತ ಉಳಿಯುವುದೇ ಕಷ್ಟವೆಂದು ತೋರುತ್ತದೆ.

ಈ ಚಿತ್ರವನ್ನು ನಾನು ಒಬ್ಬನೇ ನೋಡಿ ಸುಮ್ಮನಾಗಲಿಲ್ಲ, ಅಕ್ಕನಿಗೂ ತೋರಿಸಿದೆ.

ನಮ್ಮ ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಚಾಮರಾಜಪೇಟೆಯ ವಠಾರದಲ್ಲಿ ನಾವು ಬೆಳೆಯುತ್ತಿದ್ದಾಗ ದಸರೆಯ ಬೊಂಬೆ ಹಬ್ಬ ಬಂತೆಂದರೆ ಹತ್ತು ಮನೆಯವರು ಅಕ್ಕನಿಗಾಗಿ ಕಾದಿರುತ್ತಿದ್ದರು. ಬಣ್ಣದ ಕಾಗದವನ್ನು ನಾಲ್ಕು ಮಡಿಕೆ, ಎಂಟು ಮಡಿಕೆ ಮಾಡಿ ಅವಳು ಕತ್ತರಿ ಆಡಿಸಿ ಬಿಚ್ಚಿದಳೆಂದರೆ ಸಾಲಾಗಿ ನವಿಲು, ಸಾಲಾಗಿ ಆನೆ, ಕೈಕೈ ಹಿಡಿದ ಕೋಲಾಟದ ಹುಡುಗಿಯರು. ಒಂದು ವರ್ಷ ಹಳೆಯ ಪಂಚಾಂಗದ ಹಿಂಬದಿಯ ರಟ್ಟಿನಲ್ಲಿ ಜಂಬೂಸವಾರಿಯನ್ನೇ ಕತ್ತರಿಸಿದ್ದಳು. ಅಂಬಾರಿಯ ಕಂಬಗಳ ನಡುವೆ ಬೆಳಕು ತೂರುತ್ತಿತ್ತು. ಅವಳ ಹಂಚಿಕೆ ಚಿತ್ರಕಲೆಯ ಶಾಲೆಗೆ ಸೇರಬೇಕೆಂದು. ಅಷ್ಟರಲ್ಲಿ ನಮ್ಮ ತಂದೆ ತೀರಿಕೊಂಡರು. ಅಮ್ಮನ ಎರಡು ಬಳೆ ಹೋಗಿ ಒಂದು ಉಷಾ ಹೊಲಿಗೆಯಂತ್ರ ಬಂತು. ನವಿಲು ಕತ್ತರಿಸುತ್ತಿದ್ದ ಕತ್ತರಿ ರವಿಕೆಬಟ್ಟೆ ಕತ್ತರಿಸತೊಡಗಿತು. ನನ್ನ ಹೈಸ್ಕೂಲಿನ ಫೀಸು, ಕಾಲೇಜಿನ ಫೀಸು, ಸಂದರ್ಶನಕ್ಕೆ ಹೋದ ದಿನ ಹಾಕಿಕೊಂಡ ಅಂಗಿ, ಎಲ್ಲ ಆ ಕತ್ತರಿಯಿಂದಲೇ ಬಂದದ್ದು. ಕತ್ತರಿ ಅಗಲಿಸುತ್ತದೆ ಎನ್ನುವವರೊಡನೆ ನಾನು ವಾದಕ್ಕೆ ನಿಲ್ಲುವುದು ಇದೇ ಕಾರಣಕ್ಕೆ. ನಮ್ಮ ಸಂಸಾರವನ್ನು ಕೂಡಿಸಿ ಹಿಡಿದದ್ದು ಕತ್ತರಿ.

ಈಗ ಅಕ್ಕನಿಗೆ ಎಂಬತ್ತರ ಹತ್ತಿರ. ಬೆರಳುಗಳ ಗಿಣ್ಣು ಊದಿಕೊಂಡು ಕತ್ತರಿಯ ಉಂಗುರದೊಳಗೆ ಹೋಗುವುದಿಲ್ಲ. ಮೊಮ್ಮಗನ ಕಂಪ್ಯೂಟರಿನಲ್ಲಿ ಅಹಮದನ ಚಿತ್ರ ಹಾಕಿಕೊಟ್ಟಾಗ ಅವಳು ಕನ್ನಡಕ ಒರೆಸಿಕೊಂಡು ಹತ್ತಿರ ಸರಿದಳು. ನಾನು ಕಥೆ ಹೇಳಲು ಹೊರಟೆ.

"ಕಥೆ ಇರಲಿ ಸುಮ್ನಿರೋ" ಎಂದಳು. "ಮಣಿಕಟ್ಟು ನೋಡು. ಅಂಗೈ ಬೇರೆ ತುಂಡು ಮಾಡಿದಾಳೆ."

ಸ್ವಲ್ಪ ಹೊತ್ತಿನ ಮೇಲೆ: "ಮುಖದ ಒಳಗೆ ಏನೂ ಇಲ್ವಲ್ಲೋ. ಕಣ್ಣಿಲ್ಲ, ಹುಬ್ಬಿಲ್ಲ. ಆದ್ರೂ ಈ ಹುಡುಗಿ ಹೆದರಿಕೊಂಡಿದಾಳೆ ಅಂತ ಗೊತ್ತಾಗುತ್ತೆ. ಕುತ್ತಿಗೆಯಲ್ಲಿ ಹೇಳಿಸ್ತಾಳೆ."

ಪರಿಯ ತಲೆಯ ಮೇಲಿನ ಗರಿ ತೆರೆಯ ತುಂಬ ದೊಡ್ಡದಾಗಿ ಕಂಡಾಗ ಅವಳಿಗೆ ಸಮಾಧಾನವಾಗಲಿಲ್ಲ. "ಅದೇ ಗೊಂಬೆ ಅಲ್ಲ ಇದು. ಹತ್ತಿರ ತೋರಿಸೋಕೆ ಬೇರೆ ದೊಡ್ಡದು ಕತ್ತರಿಸಿದಾಳೆ. ಅಲ್ವೇನೋ?"

ಅಕ್ಕನ ಮಾತು ನಿಜ. ದೂರದ ನೋಟಕ್ಕೊಂದು, ಹತ್ತಿರದ ನೋಟಕ್ಕೊಂದು ಎಂದು ಲೊಟ್ಟೆ ಒಂದೇ ಪಾತ್ರಕ್ಕೆ ಬೇರೆ ಬೇರೆ ಅಳತೆಯ ಗೊಂಬೆಗಳನ್ನು ಮಾಡುತ್ತಿದ್ದಳು. ನಾನು ಪುಸ್ತಕ ಓದಿ ತಿಳಿದುಕೊಂಡದ್ದನ್ನು ಅಕ್ಕ ಕಣ್ಣಿನಿಂದಲೇ ಓದಿದಳು. ಲೊಟ್ಟೆಯನ್ನು ಕುರಿತು ೧೯೭೦ರಲ್ಲಿ ತೆಗೆದ ಒಂದು ಸಣ್ಣ ಸಾಕ್ಷ್ಯಚಿತ್ರವಿದೆ; ಅದನ್ನೂ ಹಾಕಿದೆ. ಎಪ್ಪತ್ತು ದಾಟಿದ ದಪ್ಪ ಮೈಯ ಅಜ್ಜಿ ಕುಳಿತು ಕಪ್ಪು ಕಾಗದ ಕತ್ತರಿಸುತ್ತಾಳೆ. ಕತ್ತರಿ ಹಿಡಿದ ಬಲಗೈ ಹೆಚ್ಚು ಅಲ್ಲಾಡುವುದಿಲ್ಲ. ಎಡಗೈ ಕಾಗದವನ್ನು ತಿರುಗಿಸುತ್ತ ಹೋಗುತ್ತದೆ. ಅಕ್ಕ ತನ್ನ ಊದಿದ ಬೆರಳುಗಳನ್ನು ತೊಡೆಯ ಮೇಲೆ ಹಾಗೆಯೇ ತಿರುಗಿಸುತ್ತಿದ್ದಳು. ಅವಳಿಗೆ ಅದು ತಿಳಿದಿರಲಾರದು.

ಕೊನೆಯಲ್ಲಿ ಕೇಳಿದಳು: "ಮೂರು ವರ್ಷ ಇದನ್ನ ಮಾಡ್ತಾ ಕೂತಿದ್ದಳಲ್ಲ, ಮನೆ ಖರ್ಚಿಗೆ ಏನು ಮಾಡ್ತಿದ್ದಳು?"

ಸಾಹುಕಾರನ ವಿಷಯ ಹೇಳಿದೆ. ಫಿಲ್ಮಿನ ಸುರುಳಿಗಳ ಕಥೆ, ಕಾರ್‌ಷೆಡ್ಡಿನ ಕಥೆ, ಎಲ್ಲವನ್ನೂ ಹೇಳಿದೆ.

"ಹಾಗನ್ನು ಮತ್ತೆ" ಎಂದಳು ಅಕ್ಕ. "ಅವಳಿಗೆ ಅಟ್ಟ ಕೊಡೋನು ಒಬ್ಬ ಇದ್ದ."

ಆ ಮಾತಿನಲ್ಲಿ ದೂರು ಇರಲಿಲ್ಲ. ಬಟ್ಟೆಗೆ ಇಷ್ಟು ಗಜ ಬೇಕು ಎಂದು ಲೆಕ್ಕ ಹೇಳುವ ದನಿ ಅದು. ನಾನೇ ಉತ್ತರ ತೋಚದೆ ಕಾಫಿಗೆ ಎದ್ದೆ.

ಲೊಟ್ಟೆಯ ಮುಂದಿನ ಬಾಳನ್ನು ಓದುವಾಗಲೆಲ್ಲ ಅಕ್ಕನ ಈ ಲೆಕ್ಕ ನನಗೆ ನೆನಪಾಗುತ್ತದೆ. ಏಕೆಂದರೆ ಆ ಅಟ್ಟ ಆಕೆಗೆ ಬಹಳ ಕಾಲ ಉಳಿಯಲಿಲ್ಲ. ೧೯೩೩ರಲ್ಲಿ ಹಿಟ್ಲರನ ಆಡಳಿತ ಬಂತು. ಲೊಟ್ಟೆ ದಂಪತಿಗಳು ಯೆಹೂದ್ಯರಲ್ಲ. ಆದರೆ ಅವರ ಸ್ನೇಹಿತರಲ್ಲಿ ಅನೇಕರು ಯೆಹೂದ್ಯರು, ಹಾಗನನ ಮನೆತನವೂ ಯೆಹೂದ್ಯರದು. ಇವರ ರಾಜಕೀಯ ಒಲವು ಎಡಪಂಥದ ಕಡೆಗೆ. ಆ ವಾತಾವರಣದಲ್ಲಿ ಉಸಿರಾಡಲಾರದೆ ದೇಶ ಬಿಟ್ಟರು. ಆದರೆ ಯಾವ ದೇಶವೂ ಶಾಶ್ವತವಾಗಿ ನೆಲಸಲು ಪರವಾನಗಿ ಕೊಡಲಿಲ್ಲ. ಪರವಾನಗಿ ಮುಗಿಯುತ್ತಲೇ ಗಂಟುಮೂಟೆ ಕಟ್ಟಬೇಕು: ಇಂಗ್ಲೆಂಡು, ಫ್ರಾನ್ಸು, ಇಟಲಿ. ಗಂಟಿನಲ್ಲಿ ಕತ್ತರಿಯೊಂದು ಇದ್ದರೆ ಆಕೆಗೆ ಸಾಕಾಗಿತ್ತು. ಲಂಡನ್ನಿನಲ್ಲಿ ಅಂಚೆ ಇಲಾಖೆಯ ಚಿತ್ರವಿಭಾಗಕ್ಕೆ ಕೆಲಸ ಮಾಡಿಕೊಟ್ಟಳು. ರೆನ್ವಾರನ ೧೯೩೮ರ 'ಲಾ ಮಾರ್ಸೆಯೇಸ್' ಚಿತ್ರದಲ್ಲಿ ಬರುವ ನೆರಳಿನಾಟ ಆಕೆಯದೇ. ಆತ ರೋಮಿನಲ್ಲಿ 'ಟೋಸ್ಕಾ' ಚಿತ್ರವನ್ನು ಆರಂಭಿಸಿ, ೧೯೪೦ರಲ್ಲಿ ಇಟಲಿ ಯುದ್ಧಕ್ಕಿಳಿದಾಗ ಬಿಟ್ಟು ಹೊರಡಬೇಕಾಯಿತು; ಅದನ್ನು ಮುಗಿಸಿದವನು ಕಾರ್ಲ್ ಕೋಖ್.

ಯುದ್ಧದ ಕೊನೆಯ ವರ್ಷಗಳಲ್ಲಿ ತಾಯಿಗೆ ಕಾಯಿಲೆಯೆಂದು ಲೊಟ್ಟೆ ಬರ್ಲಿನ್ನಿಗೆ ಹಿಂತಿರುಗಿದಳು. ಯಾವ ಸರ್ಕಾರದಿಂದ ತಪ್ಪಿಸಿಕೊಂಡು ಹೋಗಿದ್ದಳೋ ಅದೇ ಸರ್ಕಾರದ ಕೈಕೆಳಗೆ ಮಕ್ಕಳ ಕಥೆಯೊಂದನ್ನು, ಚಿನ್ನದ ಬಾತಿನ ಕಥೆಯನ್ನು, ಚಿತ್ರ ಮಾಡಬೇಕಾಯಿತು. ಇದನ್ನು ಹಿಡಿದುಕೊಂಡು ಆಕೆಯ ಮೇಲೆ ತೀರ್ಪು ಹೇಳುವವರಿದ್ದಾರೆ. ಮಲಗಿದ ತಾಯಿ, ಮೇಲಿನಿಂದ ಬೀಳುವ ಬಾಂಬು, ಪಡಿತರದ ಚೀಟಿ, ಇವುಗಳ ನಡುವೆ ಕುಳಿತವಳು ಬಾತಿನ ಗೊಂಬೆ ಕತ್ತರಿಸಿದರೆ ಅದರಲ್ಲಿ ಎಷ್ಟು ಪಾಪ, ಎಷ್ಟು ಹೊಟ್ಟೆಪಾಡು ಎಂದು ತೂಗುವ ತಕ್ಕಡಿ ನನ್ನ ಬಳಿ ಇಲ್ಲ. ಆಕೆ ಕತ್ತರಿಸಿದ್ದು ಬಾತನ್ನು. ಸ್ವಸ್ತಿಕದ ಬಾವುಟವನ್ನಲ್ಲ ಎಂಬಷ್ಟನ್ನು ಮಾತ್ರ ಗಮನಿಸಬಹುದು.

೧೯೪೫ರ ಬರ್ಲಿನ್ ಕಾಳಗದಲ್ಲಿ ಅಹಮದನ ಮೂಲ ನೆಗೆಟಿವ್ ನಾಶವಾಯಿತು. ಮೂರು ವರ್ಷ ಮಂಡಿಯೂರಿ ಮಾಡಿದ್ದು. ಬೇರೆ ದೇಶಗಳಿಗೆ ಹೋಗಿದ್ದ ಪ್ರತಿಗಳು ಮಾತ್ರ ಉಳಿದವು. ಲಂಡನ್ನಿನ ಚಿತ್ರಭಂಡಾರದಲ್ಲಿದ್ದ ಅಂಥ ಒಂದು ಪ್ರತಿಯ ಆಧಾರದ ಮೇಲೆ ಫ್ರಾಂಕ್‌ಫರ್ಟಿನ ಚಲನಚಿತ್ರ ವಸ್ತುಸಂಗ್ರಹಾಲಯದವರು ೧೯೯೮-೯೯ರಲ್ಲಿ ಬಣ್ಣಗಳ ಸಮೇತ ಜೀರ್ಣೋದ್ಧಾರ ಮಾಡಿದರು. ನಾನೂ ಅಕ್ಕನೂ ನೋಡಿದ್ದು ಅದನ್ನೇ. ಮನೆಯಲ್ಲಿ ಉಳಿದದ್ದು ಸುಟ್ಟುಹೋಗಿ, ಊರೂರು ಅಲೆಯಲು ಹೋದದ್ದು ಬದುಕಿತು.

೧೯೪೯ರಲ್ಲಿ ದಂಪತಿಗಳು ಲಂಡನ್ನಿಗೆ ಬಂದು, ಉತ್ತರದ ನ್ಯೂ ಬಾರ್ನೆಟ್ ಎಂಬ ಕಡೆ ಕಲಾವಿದರ ಬೀಡೊಂದರಲ್ಲಿ ನೆಲಸಿದರು. ಇಲ್ಲಿ ಅಟ್ಟದ ಕಥೆಗೆ ಒಂದು ತಿರುವು ಇದೆ. ಹಾಗನ್ ಸಾಹುಕಾರನಿಗೆ ಒಬ್ಬ ಮಗನಿದ್ದ. ಅವನ ಹೆಸರೂ ಲೂಯಿ. ಅಹಮದನ ಕೆಲಸ ನಡೆಯುತ್ತಿದ್ದಾಗ ಆತ ಆ ಮನೆಯ ಸಣ್ಣ ಹುಡುಗ. ಹದಿಹರೆಯದಲ್ಲೇ ನಾಜಿಗಳ ಸೆರೆಶಿಬಿರ ಕಂಡು, ಇಂಗ್ಲೆಂಡಿಗೆ ಪಾರಾಗಿ, ಬ್ರಿಟಿಷ್ ಸೈನ್ಯ ಸೇರಿ, ೧೯೪೪ರಲ್ಲಿ ಆರ್ನೆಮ್ ಕಾಳಗದಲ್ಲಿ ಹೋರಾಡಿ ಬದುಕುಳಿದವನು. ಈ ಲೂಯಿ ೧೯೫೦ರ ದಶಕದಲ್ಲಿ ಪ್ರಿಮ್‌ರೋಸ್ ಎಂಬ ಚಿತ್ರಸಂಸ್ಥೆಯಲ್ಲಿ ಪಾಲುಗಾರನಾಗಿ ಲೊಟ್ಟೆಯ ಮುಂದೆ ಮತ್ತೆ ಗಾಜಿನ ಮೇಜು ಹಾಕಿದ. ತಂದೆ ಕೊಟ್ಟ ಅಟ್ಟವನ್ನು ಮಗ ಇನ್ನೊಂದು ದೇಶದಲ್ಲಿ ಎರಡನೆಯ ಸಲ ಕೊಟ್ಟ. ಸಿಂಡರೆಲ್ಲ, ಅಲ್ಲಾದೀನ, ಮಲಗಿದ ಸುಂದರಿ ಮುಂತಾದ ಹತ್ತು ಹನ್ನೆರಡು ಚಿಕ್ಕ ಚಿತ್ರಗಳು ಟೆಲಿವಿಷನ್ನಿಗಾಗಿ ಸಿದ್ಧವಾದವು. ಇಂಗ್ಲೆಂಡಿನ ಮಕ್ಕಳು ಅವನ್ನು ನೋಡುತ್ತ ಬೆಳೆದರು. ಅವುಗಳಲ್ಲಿ 'ಧೀರ ದರ್ಜಿ' ಎಂಬುದಕ್ಕೆ ೧೯೫೫ರಲ್ಲಿ ವೆನಿಸ್ಸಿನಲ್ಲಿ ಬೆಳ್ಳಿಯ ಡಾಲ್ಫಿನ್ ಬಹುಮಾನ ಬಂತು. ಒಂದೇ ಏಟಿಗೆ ಏಳು ನೊಣ ಹೊಡೆದ ದರ್ಜಿಯ ಕಥೆ ಅದು. ಕತ್ತರಿಗೆ ಬಹುಮಾನ ಬಂದರೆ ದರ್ಜಿಯ ಹೆಸರಿನಲ್ಲಿಯೇ ಬರಬೇಕಾದದ್ದು ನ್ಯಾಯ.

೧೯೬೩ರಲ್ಲಿ ಕಾರ್ಲ್ ಕೋಖ್ ತೀರಿಕೊಂಡ. ಅಲ್ಲಿಂದ ಕೆಲವು ವರ್ಷ ಲೊಟ್ಟೆ ಚಿತ್ರ ಮಾಡಲಿಲ್ಲ. ಜರ್ಮನಿಗೂ ಆಕೆಯನ್ನು ನೆನಪಿಸಿಕೊಳ್ಳಲು ಬಹಳ ಕಾಲ ಬೇಕಾಯಿತು: ೧೯೭೨ರಲ್ಲಿ ಚಲನಚಿತ್ರರಂಗದ ಚಿನ್ನದ ಪಟ್ಟಿ, ೧೯೭೯ರಲ್ಲಿ ರಾಷ್ಟ್ರದ ಗೌರವಪದಕ. ಅಷ್ಟರಲ್ಲಿ ಕೆನಡದವರು ಕರೆದು, ಎಪ್ಪತ್ತೈದರ ಅಜ್ಜಿಯ ಕೈಗೆ ಮತ್ತೆ ಕತ್ತರಿ ಕೊಟ್ಟಿದ್ದರು; 'ಓಕಾಸೇನ್ ಮತ್ತು ನಿಕೊಲೆಟ್' ಅಲ್ಲಿಯ ರಾಷ್ಟ್ರೀಯ ಚಿತ್ರಮಂಡಲಿಯಲ್ಲಿ ತಯಾರಾಯಿತು. ೧೯೮೧ರ ಜೂನ್ ೧೯ರಂದು, ಎಂಬತ್ತೆರಡು ತುಂಬಿದ ಮೇಲೆ, ಜರ್ಮನಿಯ ಡೆಟ್ಟನ್‌ಹೌಸನ್ ಎಂಬ ಊರಿನಲ್ಲಿ ಲೊಟ್ಟೆ ಕಣ್ಣು ಮುಚ್ಚಿದಳು.

ನೆರಳಿನಾಟ ತನ್ನ ಸ್ವಂತ ಆಸ್ತಿಯೆಂದು ಆಕೆ ಎಂದೂ ಮೆರೆಯಲಿಲ್ಲ. ಚೀನ, ಜಾವ ಮೊದಲಾದ ಪೂರ್ವದೇಶಗಳ ಕಲೆಯ ವಂಶದ್ದು ತನ್ನ ಕೆಲಸವೆಂದು ಬಲ್ಲವಳು. ನೆರಳಿನ ರಂಗಭೂಮಿಯನ್ನು ಕುರಿತು ೧೯೭೦ರಲ್ಲಿ ಒಂದು ಪುಸ್ತಕವನ್ನೇ ಬರೆದಳು. ಆ ವಂಶದ ಒಂದು ಕವಲು ನಮ್ಮ ತೊಗಲುಗೊಂಬೆ. ನಮ್ಮದು ಅವಳದರಂತೆ ಕಪ್ಪಲ್ಲ. ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ, ಕೆಂಪು ಹಸಿರು ಬಣ್ಣ ಕೊಟ್ಟು, ಉಳಿಯಿಂದ ಸೂಕ್ಷ್ಮವಾದ ತೂತುಗಳನ್ನು ಕೊರೆದದ್ದು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ, ಪ್ರೊಫೆಸರ್ ಎಂ. ಎಸ್. ನಂಜುಂಡರಾಯರು ಹಳ್ಳಿ ಹಳ್ಳಿ ತಿರುಗಿ ಕೂಡಿಸಿದ ಗೊಂಬೆಗಳನ್ನು ನೋಡಬಹುದು. ಕೊಪ್ಪಳದ ಕಡೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ೯೬ ವರ್ಷ. ಜೀವಮಾನವೆಲ್ಲ ತೊಗಲುಗೊಂಬೆ ಆಡಿಸಿದವರು. ನೆರಳಿನ ಕೆಲಸ ಮಾಡುವವರನ್ನು ಬೆಳಕಿಗೆ ತರಲು ಯಾವ ದೇಶವೂ ಅವಸರಪಡುವುದಿಲ್ಲವೆಂದು ಕಾಣುತ್ತದೆ.

ಈಗ ಆನಿಮೇಷನ್ ಎಂದರೆ ಕಂಪ್ಯೂಟರು. ನಮ್ಮ ಬೆಂಗಳೂರಿನಲ್ಲೇ ನೂರಾರು ಹುಡುಗರು ಹುಡುಗಿಯರು ಆ ಕೆಲಸದಲ್ಲಿದ್ದಾರೆ. ನಾಲ್ಕು ಮಾತು ಬರೆದುಕೊಟ್ಟರೆ ಯಂತ್ರವೇ ಚಿತ್ರ ಬಿಡಿಸಿಕೊಡುವ ಕಾಲವೂ ಬಂದಿದೆ. ಕತ್ತರಿಯೇ ಹೆಚ್ಚು, ಯಂತ್ರ ಕೀಳು ಎಂದು ನಾನು ಹೇಳಲಾರೆ. ನಮ್ಮ ಅನ್ನ ಹುಟ್ಟಿದ್ದೂ ಒಂದು ಹೊಲಿಗೆಯಂತ್ರದಿಂದಲೇ. ಹೆದರಿದ ಹುಡುಗಿಯ ಕುತ್ತಿಗೆ ಎಷ್ಟು ಬಾಗುತ್ತದೆ ಎಂಬುದು ಒಬ್ಬರಿಗೆ ಗೊತ್ತಿರಬೇಕು, ಅಷ್ಟೆ. ಲೊಟ್ಟೆಗೆ ಅದು ಗೊತ್ತಿತ್ತು. ತೊಡೆಯ ಮೇಲೆ ಬೆರಳು ತಿರುಗಿಸುತ್ತಿದ್ದ ನಮ್ಮ ಅಕ್ಕನಿಗೂ ಗೊತ್ತಿತ್ತು. ಇಬ್ಬರಲ್ಲಿ ಒಬ್ಬಳ ಕೆಲಸ ನೂರು ವರ್ಷ ಉಳಿಯಿತು. ಇನ್ನೊಬ್ಬಳ ನವಿಲುಗಳು ವಿಜಯದಶಮಿಯ ಮರುದಿನ ಕಸದ ಬುಟ್ಟಿಗೆ ಹೋದವು. ಅಕ್ಕನ ಕೈ ಲೊಟ್ಟೆಯ ಕೈಗೆ ಸಮ ಎಂದು ನಾನು ಸಾಧಿಸಲಾರೆ. ಸಮವೋ ಅಲ್ಲವೋ ನೋಡುವ ಸಂದರ್ಭವೇ ಬರಲಿ‌ಲ್ಲವೆಂಬುದು ಮಾತ್ರ ಖಂಡಿತ.

ನಮ್ಮಲ್ಲಿ ಮನೆ ಕಟ್ಟಿಸುವವರೆಲ್ಲ ಈಗ ಕಾರಿಗೊಂದು ಜಾಗ ಬಿಡುತ್ತಾರೆ. ಬಿಡದೆ ಇದ್ದರೆ ನಗರಪಾಲಿಕೆ ನಕ್ಷೆಗೆ ಒಪ್ಪಿಗೆ ಕೊಡುವುದಿಲ್ಲ. ಅದರ ಮೇಲೆ ಒಂದು ಅಟ್ಟವೂ ಏಳುತ್ತದೆ. ಅಲ್ಲಿ ಹಳೆಯ ಹಾಸಿಗೆ, ಮುರಿದ ತೊಟ್ಟಿಲು, ಬೊಂಬೆ ಹಬ್ಬದ ಪೆಟ್ಟಿಗೆ ಸೇರಿಕೊಳ್ಳುತ್ತವೆ. ಹಾಗನನ ಅಟ್ಟವೂ ಇದಕ್ಕಿಂತ ದೊಡ್ಡದಾಗಿರಲಿಲ್ಲ. ಎದ್ದರೆ ತಲೆಗೆ ಮಾಡು ತಗಲುತ್ತಿತ್ತು. ಆದರೆ ಆತ ಅದನ್ನು ಖಾಲಿ ಮಾಡಿಸಿ, ಕತ್ತರಿ ಹಿಡಿದು ಬಂದ ಇಪ್ಪತ್ನಾಲ್ಕು ವರ್ಷದ ಹುಡುಗಿಗೆ ಬೀಗದ ಕೈ ಕೊಟ್ಟ. ಮೂರು ವರ್ಷ ಮತ್ತೆ ಕೇಳಲಿಲ್ಲ.